ಕಣ್ಣಿಗೆ ಒಂದೇ ಆಗಿರುವ ‘ತೀರ್ಥಹಳ್ಳಿ’ ಕಂಪ್ಯೂಟರಿಗೆ ನಾಲ್ಕಾಗುವುದು ಏಕೆ?

ಪ್ರಶ್ನೆ: ‘ಅಡಿಕೆ ಲೆಕ್ಕ’, ತೀರ್ಥಹಳ್ಳಿ ತಾಲ್ಲೂಕು

ಬಲ್ಲವರಿಗೆ ನಮಸ್ಕಾರ. ನಾನು ನಮ್ಮ ಕಡೆಯ ಒಂದು ಸಣ್ಣ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸದಸ್ಯರಲ್ಲಿ ಬಹುಪಾಲು ಅಡಿಕೆ ಬೆಳೆಗಾರರು. ಸದಸ್ಯರ ಪಟ್ಟಿ ಮೊದಲು ಕೈಬರಹದ ರಿಜಿಸ್ಟರಿನಲ್ಲಿತ್ತು. ಆಮೇಲೆ ಒಬ್ಬರು ಅದನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪು ಮಾಡಿದರು. ಅವರು ಕೆಲಸ ಬಿಟ್ಟ ಮೇಲೆ ಬಂದವರು ಯೂನಿಕೋಡ್‌ನಲ್ಲಿ ಮುಂದುವರಿಸಿದರು. ಈಚೆಗೆ ಸೇರಿದ ಹೆಸರುಗಳಲ್ಲಿ ಕೆಲವು ನೇರವಾಗಿ ಮೊಬೈಲಿನಿಂದಲೇ ಬಂದಿವೆ. ನುಡಿಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಎಲ್ಲವನ್ನೂ ಒಂದೇ ಪಟ್ಟಿಯಾಗಿ ಮಾಡಿದ್ದೇವೆ. ಪರದೆಯ ಮೇಲೆ ಓದಿದರೆ ಯಾವ ದೋಷವೂ ಕಾಣುವುದಿಲ್ಲ.

ಆದರೆ ನಮ್ಮ ಲೆಕ್ಕದ ತಂತ್ರಾಂಶದಲ್ಲಿ ‘ತೀರ್ಥಹಳ್ಳಿ’ ಎಂದು ಹುಡುಕಿದರೆ ಆ ಅಂಚೆಯ ಸದಸ್ಯರಲ್ಲಿ ಒಂದು ಭಾಗ ಮಾತ್ರ ಸಿಗುತ್ತದೆ. ಉಳಿದವರ ಹೆಸರು ಅಲ್ಲೇ ಕಣ್ಣೆದುರಿಗೆ ಇದ್ದರೂ ಅದು ‘ಇಲ್ಲ’ ಎನ್ನುತ್ತದೆ. ಅಂಚೆವಾರು ಪಟ್ಟಿ ತೆಗೆದರೆ ‘ತೀರ್ಥಹಳ್ಳಿ’ ಎಂಬ ಶೀರ್ಷಿಕೆ ನಾಲ್ಕು ಸಲ ಬರುತ್ತದೆ, ಒಂದೊಂದರ ಕೆಳಗೂ ಒಂದಷ್ಟು ಸದಸ್ಯರು. ಅಚ್ಚು ಹಾಕಿ ಪಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಅರ್ಕಾವತ್ತು ತುಸು ದಪ್ಪವಾಗಿದೆ ಎನಿಸಿತು. ಉಳಿದ ಮೂರರಲ್ಲಿ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

ಎರಡನೆಯದು ಪೈಸೆಯ ತಕರಾರು. ರಾಶಿ ಅಡಿಕೆಯ ಮೂರು ಚೀಲ, ಕಿಲೋಗೆ 485.99 ರೂಪಾಯಿಯಂತೆ. ತೂಕ 37.450, 22.300 ಮತ್ತು 41.150 ಕಿಲೋ. ಎಕ್ಸೆಲ್ ಹಾಳೆಯಲ್ಲಿ ಮೂರು ಸಾಲಿನ ಮೊತ್ತ 18,200.33, 10,837.58, 19,998.49 ಎಂದು ಬರುತ್ತದೆ. ಒಟ್ಟು ಮಾತ್ರ 49,036.39 ಎಂದು ತೋರಿಸುತ್ತದೆ. ಕೈಯಲ್ಲಿ ಕೂಡಿದರೆ 49,036.40. ಒಂದು ಪೈಸೆಯೇ ಆದರೂ ಲೆಕ್ಕ ಪರಿಶೋಧಕರು ಕೇಳುತ್ತಾರೆ. ಕಂಪ್ಯೂಟರಿಗೆ ದಶಾಂಶದ ಲೆಕ್ಕ ಸರಿಯಾಗಿ ಬರುವುದಿಲ್ಲ ಎಂದು ಒಬ್ಬರು ಹೇಳಿದರು. ಇದು ನಿಜವೇ?

ಮೂರನೆಯದನ್ನೂ ಸೇರಿಸಿಬಿಡುತ್ತೇನೆ: ಊರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಅದು ಹೊಳೆಹೊನ್ನೂರನ್ನು ಹೊಸನಗರಕ್ಕಿಂತ ಮೊದಲು ಇಡುತ್ತದೆ.

ಪರಿಹಾರ ಬೇಕು, ನಿಜ. ಆದರೆ ಒಳಗೆ ಏನು ನಡೆಯುತ್ತಿದೆ ಎಂಬುದು ತಿಳಿಯದೆ ‘ಇದನ್ನು ಒತ್ತಿ, ಅದನ್ನು ಒತ್ತಿ’ ಎಂಬ ಉತ್ತರ ಮಾತ್ರ ಸಿಕ್ಕರೆ ಮುಂದಿನ ವರ್ಷ ಮತ್ತೆ ಇದೇ ಗೋಳು. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ‘ಸಂಕೇತಸಂಖ್ಯೆ’, ಶಿವಮೊಗ್ಗ

ಹೆಸರಿನ ವಿಷಯಕ್ಕೆ ಮಾತ್ರ ನಾನು ಉತ್ತರಿಸುತ್ತೇನೆ. ಪೈಸೆಯ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ.

ಕಂಪ್ಯೂಟರಿನ ಸ್ಮರಣೆಯಲ್ಲಿ ಇರುವುದು ಸಂಖ್ಯೆಗಳು ಮಾತ್ರ. ಎಂಟು ಬಿಟ್ ಸೇರಿದ ಒಂದು ಬೈಟ್‌ನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುತ್ತದೆ. ನಿಮ್ಮ ಸದಸ್ಯರ ಹೆಸರು, ಅವರ ಅಡಿಕೆಯ ತೂಕ, ಅವರ ಭಾವಚಿತ್ರ ಎಲ್ಲವೂ ಅಲ್ಲಿ ಒಂದೇ ತೆರನಾದ ಸಾಲು; ಯಾವ ಸಾಲನ್ನು ಹೆಸರೆಂದು ಓದಬೇಕು, ಯಾವುದನ್ನು ತೂಕವೆಂದು ಓದಬೇಕು ಎಂಬುದು ಅದನ್ನು ತೆರೆಯುವ ತಂತ್ರಾಂಶಕ್ಕೆ ಬಿಟ್ಟದ್ದು. ಹೀಗಾಗಿ ಅಕ್ಷರಗಳನ್ನು ಇಡಬೇಕಾದರೆ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡ ಒಂದು ಕೋಷ್ಟಕ ಬೇಕಾಗುತ್ತದೆ. 1963ರಲ್ಲಿ ಅಮೆರಿಕದಲ್ಲಿ ಬಂದ ಆಸ್ಕಿ ಕೋಷ್ಟಕದಲ್ಲಿ ಇದ್ದದ್ದು 128 ಸ್ಥಾನಗಳು, ಅವೆಲ್ಲವೂ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಮತ್ತು ಯಂತ್ರದ ಆಜ್ಞೆಗಳಿಗೇ ಮುಗಿದವು. ಜಗತ್ತಿನ ಎಲ್ಲ ಲಿಪಿಗಳಿಗೂ ಸ್ಥಾನ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರ ಅಕ್ಟೋಬರಿನಲ್ಲಿ ಬಂದಿತು, ಕನ್ನಡವೂ ಆಗಲೇ ಅದರಲ್ಲಿತ್ತು. ನಮ್ಮ ಲಿಪಿಗೆ ಮೀಸಲಾದದ್ದು 3200ರಿಂದ 3327ರವರೆಗಿನ ಸ್ಥಾನಗಳು.

ಈಗ ನಿಮ್ಮ ಊರಿಗೆ ಬರೋಣ. ‘ತೀರ್ಥಹಳ್ಳಿ’ ಎಂದು ಸರಿಯಾಗಿ ಟೈಪು ಮಾಡಿದರೆ ಒಳಗೆ ಕೂರುವ ಸಾಲು ಇದು: 3236, 3264, 3248, 3277, 3237, 3257, 3251, 3277, 3251, 3263. ಅಂದರೆ ತ, ಈಕಾರದ ಚಿಹ್ನೆ, ರ, ವಿರಾಮ ಚಿಹ್ನೆ (ವ್ಯಂಜನದ ಅಕಾರವನ್ನು ಕಳೆಯುವ ‘್’), ಥ, ಹ, ಳ, ವಿರಾಮ ಚಿಹ್ನೆ, ಳ, ಇಕಾರದ ಚಿಹ್ನೆ. ನಾವು ನಾಲ್ಕು ಅಕ್ಷರ ಎಂದು ಎಣಿಸುವ ಹೆಸರಿಗೆ ಒಳಗೆ ಹತ್ತು ಸಂಖ್ಯೆಗಳು. ಇಲ್ಲಿ ಒತ್ತಕ್ಷರ ಎಂಬ ಪ್ರತ್ಯೇಕ ಸ್ಥಾನವೇ ಇಲ್ಲ, ಅರ್ಕಾವತ್ತಿಗೂ ಇಲ್ಲ ಎಂಬುದನ್ನು ಗಮನಿಸಿ. ನಾಲಿಗೆಯ ಮೇಲೆ ಬರುವ ಕ್ರಮದಲ್ಲಿಯೇ, ಮೊದಲು ರ್ ಆಮೇಲೆ ಥ ಎಂದು, ಸಂಖ್ಯೆಗಳು ನಿಂತಿರುತ್ತವೆ. ಆ ರಕಾರವನ್ನು ಅರ್ಕಾವತ್ತಾಗಿಸಿ ಥಕಾರದ ಬಲಕ್ಕೆ ತಂದು ಕೂರಿಸುವ ಕೆಲಸ ನಡೆಯುವುದು ಕಟ್ಟಕಡೆಯಲ್ಲಿ, ಪರದೆಯ ಮೇಲೆ ಬರೆಯುವ ಹೊತ್ತಿನಲ್ಲಿ. ಅದನ್ನು ಮಾಡುವುದು ಹಾರ್ಫ್‌ಬಜ್‌ನಂಥ ಅಕ್ಷರ ಜೋಡಣೆಯ ತಂತ್ರಾಂಶ ಮತ್ತು ಫಾಂಟಿನೊಳಗೆ ಬರೆದಿಟ್ಟ ನಿಯಮಗಳು. ನಾವು ನೋಡುವುದು ಆ ಕೊನೆಯ ಚಿತ್ರವನ್ನು. ಹುಡುಕುವ ತಂತ್ರಾಂಶ ಆ ಚಿತ್ರವನ್ನು ನೋಡುವುದೇ ಇಲ್ಲ. ಅದು ಎರಡು ಸಾಲುಗಳನ್ನು ತೆಗೆದುಕೊಂಡು, ಒಂದರ ಸಂಖ್ಯೆಯಿಂದ ಇನ್ನೊಂದರ ಸಂಖ್ಯೆಯನ್ನು ಕಳೆದು, ಸೊನ್ನೆ ಬಂದಿತೇ ಎಂದು ನೋಡುತ್ತ ಹೋಗುತ್ತದೆ. ಪ್ರೊಸೆಸರಿನಲ್ಲಿ ‘ಹೋಲಿಸು’ ಎಂಬ ಆಜ್ಞೆಗೆ ಇರುವ ಅರ್ಥ ಇಷ್ಟೇ. ಒಂದು ಕಡೆ ಸೊನ್ನೆ ಬರದಿದ್ದರೆ ಹೆಸರು ಬೇರೆ.

ನಿಮ್ಮ ನಾಲ್ಕು ಶೀರ್ಷಿಕೆಗಳಲ್ಲಿ ಒಂದು ಮೇಲೆ ಹೇಳಿದ ಹತ್ತರ ಸಾಲು ಎಂದುಕೊಳ್ಳೋಣ. ಇನ್ನೊಂದರಲ್ಲಿ ಈಕಾರವು 3264 ಎಂಬ ಒಂದೇ ಸಂಖ್ಯೆಯಾಗಿರದೆ, 3263 ಮತ್ತು 3285 ಎಂದು, ಇಕಾರದ ಮುಂದೆ ದೀರ್ಘ ಹಾಕಿದಂತೆ, ಎರಡಾಗಿ ಒಡೆದಿರಬಹುದು. ಆಗ ಒಟ್ಟು ಹನ್ನೊಂದು. ಅರ್ಕಾವತ್ತು ದಪ್ಪವಾಗಿದೆ ಎಂದಿರಲ್ಲ, ಅದು ಬಹುಶಃ ಅರ್ಕಾವತ್ತೇ ಅಲ್ಲ, ಕನ್ನಡದ ಒಂಬತ್ತು. ‘ತೀಥ೯ಹಳ್ಳಿ’ ಎಂದು ಟೈಪು ಮಾಡಿದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಒಳಗೆ ರಕಾರವೂ ಇಲ್ಲ, ಅದರ ವಿರಾಮವೂ ಇಲ್ಲ, ಥಕಾರದ ಮುಂದೆ 3311 ಎಂಬ ಅಂಕಿ ಇದೆ, ಒಟ್ಟು ಒಂಬತ್ತು. ಉಳಿದದ್ದರಲ್ಲಿ ಕಾಣದ ಅಕ್ಷರವೊಂದು ನುಸುಳಿರುತ್ತದೆ: ಕೊನೆಯಲ್ಲಿ ಒಂದು ಖಾಲಿ ಜಾಗ, ಅಥವಾ 8204, 8205 ಎಂಬ ಅಗಲವಿಲ್ಲದ ಚಿಹ್ನೆಗಳಲ್ಲಿ ಒಂದು. ಊಹೆ ಸರಿಯೇ ಎಂದು ನೀವೇ ನೋಡಬಹುದು. ಎಕ್ಸೆಲ್‌ನ ‘ಲೆನ್’ ಫಂಕ್ಷನ್ ಒಂದು ಕೋಶದಲ್ಲಿ ಎಷ್ಟು ಸಂಕೇತಗಳಿವೆ ಎಂದು ಹೇಳುತ್ತದೆ. ‘ಮಿಡ್’ನಿಂದ ಒಂದೊಂದನ್ನೇ ಹೊರತೆಗೆದು ‘ಯೂನಿಕೋಡ್’ ಎಂಬ ಫಂಕ್ಷನ್‌ಗೆ ಕೊಟ್ಟರೆ ಅದರ ಸಂಖ್ಯೆಯೇ ಬರುತ್ತದೆ.

ಪರಿಹಾರದಲ್ಲಿ ಎಚ್ಚರ ಬೇಕು. ಒಡೆದ ಈಕಾರವೂ ಇಡಿಯಾದ ಈಕಾರವೂ ಒಂದೇ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಎಲ್ಲವನ್ನೂ ಇಡಿಯಾದ ರೂಪಕ್ಕೆ ತರುವ ಸಿದ್ಧ ಸೌಲಭ್ಯ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಿಗುತ್ತದೆ, ಏ, ಐ, ಒ, ಓಕಾರಗಳೂ ಅದರಲ್ಲೇ ಸರಿಹೋಗುತ್ತವೆ. ಆದರೆ ಒಂಬತ್ತನ್ನು ಅದು ಮುಟ್ಟುವುದಿಲ್ಲ, ಏಕೆಂದರೆ ಒಂಬತ್ತು ತಾನಾಗಿ ಸರಿಯಾದ ಅಂಕಿಯೇ. ಅಕ್ಷರಕ್ಕೆ ಅಂಟಿಕೊಂಡು ಬಂದ ಒಂಬತ್ತನ್ನು ಮಾತ್ರ ಹಿಡಿದು ಬದಲಿಸಬೇಕು, ‘ಸರ್ವೆ ನಂಬರ್ ೯’ರಲ್ಲಿ ಇರುವುದನ್ನು ಬಿಡಬೇಕು. ಬದಲಿಸುವಾಗಲೂ ‘ಮೂತಿ೯’ಯಂಥ ಕಡೆ ರಕಾರವು ಹೋಗಿ ಕೂರಬೇಕಾದದ್ದು ಇಕಾರದ ಹಿಂದೆ ಅಲ್ಲ, ತಕಾರದ ಹಿಂದೆ. ನಮ್ಮ ಕಡೆ ಮೂರ್ತಿಗಳಿಗೇನು ಬರವಿಲ್ಲವಾದ್ದರಿಂದ ಇದನ್ನು ಮೊದಲೇ ಹೇಳಿಬಿಟ್ಟೆ. ಕಾಣದ ಚಿಹ್ನೆಗಳನ್ನು ಸಾರಾಸಗಟಾಗಿ ಅಳಿಸಲೂಬೇಡಿ. ‘ರಾಜ್‌ಕುಮಾರ್’ ಎಂಬುದರ ನಡುವೆ ಇರುವ 8204 ಹೋದರೆ ಕಕಾರ ಜಕಾರದ ಕೆಳಗೆ ಒತ್ತಾಗಿ ಇಳಿಯುತ್ತದೆ. ನನ್ನ ಸಲಹೆಯೇನೆಂದರೆ, ಹೆಸರಿನ ಕಾಲಮ್ಮನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಹುಡುಕಾಟಕ್ಕೆಂದೇ ಇನ್ನೊಂದು ಕಾಲಮ್ ಮಾಡಿ, ಅಲ್ಲಿ ಎಲ್ಲವನ್ನೂ ಏಕರೂಪಗೊಳಿಸಿ ಇಡಿ. ಹುಡುಕುವವರು ಟೈಪು ಮಾಡಿದ ಪದಕ್ಕೂ ಅದೇ ಸಂಸ್ಕಾರ ಆಗಬೇಕು.

ಉತ್ತರ: ‘ಮೊಳೆ ಜೋಡಿಸಿದವನು’, ಸಾಗರ

ಮೇಲಿನವರ ಮಾತಿಗೆ ಹಳೆಯ ಕಾಲದ ಒಂದಿಷ್ಟನ್ನು ಸೇರಿಸುತ್ತೇನೆ. ಮುದ್ರಣಾಲಯದಲ್ಲಿ ಸೀಸದ ಮೊಳೆಯಿಂದ ಡಿಟಿಪಿಗೆ ಬಂದವರಲ್ಲಿ ನಾನೂ ಒಬ್ಬ.

ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಆವೃತ್ತಿಗಳಲ್ಲಿ ಟೈಪು ಮಾಡಿದ ಕಡತದೊಳಗೆ ಕನ್ನಡವೇ ಇರುವುದಿಲ್ಲ. ಆಗ ಬೈಟಿಗೆ ಒಂದು ಅಕ್ಷರ ಎಂಬ ಲೆಕ್ಕದ ತಂತ್ರಾಂಶಗಳೊಡನೆ ಏಗಬೇಕಿತ್ತು. ಆದ್ದರಿಂದ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಸೇರಿದ ಸಂಖ್ಯೆಗಳ ಮೇಲೆ ಫಾಂಟಿನಲ್ಲಿ ಕನ್ನಡದ ಚೂರುಗಳನ್ನು ಬರೆದಿಟ್ಟರು. ತಲೆಕಟ್ಟು ಒಂದು ಚೂರು, ದೀರ್ಘ ಒಂದು ಚೂರು, ಒಂದೊಂದು ಒತ್ತಕ್ಷರವೂ ಒಂದೊಂದು ಚೂರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಯಾವುದೋ ದೇಶದ ಅಕ್ಷರಗಳು ಕಾಣುವುದು ಇದರಿಂದಲೇ. ಅದು ಕೆಟ್ಟ ಕಡತವಲ್ಲ, ಒಳಗಿದ್ದದ್ದೇ ಅದು.

ಈ ಚೂರುಗಳು ಕಡತದಲ್ಲಿ ನಿಂತಿದ್ದದ್ದು ಕಣ್ಣಿನ ಕ್ರಮದಲ್ಲಿ, ಮೊಳೆ ಜೋಡಿಸಿದ ಹಾಗೆ ಎಡದಿಂದ ಬಲಕ್ಕೆ. ಮೊದಲು ಥ, ಅನಂತರ ಅರ್ಕಾವತ್ತು. ಯೂನಿಕೋಡ್ ಇದನ್ನು ತಿರುಗಿಸಿತು. ಪರಿವರ್ತಕದ ಕೆಲಸ ಸಂಖ್ಯೆಗೆ ಸಂಖ್ಯೆಯನ್ನು ಬದಲಿಸುವುದಷ್ಟೇ ಅಲ್ಲ, ಹಿಂದಿದ್ದುದನ್ನು ಮುಂದಕ್ಕೂ ಮುಂದಿದ್ದುದನ್ನು ಹಿಂದಕ್ಕೂ ಮಾಡುವುದು ಸಹ. ನಿಮ್ಮ ಒಡೆದ ಈಕಾರಕ್ಕೂ ಮೂಲ ಇಲ್ಲಿಯೇ ಇರಬೇಕು ಎಂದು ನನ್ನ ಎಣಿಕೆ: ಹಳೆಯ ನುಡಿಯಲ್ಲಿ ‘ತೀ’ ಎಂದರೆ ‘ತಿ’ ಎಂಬ ಒಂದು ಚೂರು, ಅದರ ಮುಂದೆ ದೀರ್ಘದ ಇನ್ನೊಂದು ಚೂರು. ಒರಟು ಪರಿವರ್ತಕವೊಂದು ಅವೆರಡನ್ನೂ ಬೆಸೆಯದೆ ಹಾಗೆಯೇ ಯೂನಿಕೋಡಿಗೆ ಸಾಗಿಸಿದರೆ 3263, 3285 ಎಂದು ಎರಡಾಗಿಯೇ ಉಳಿಯುತ್ತದೆ.

ಒಂಬತ್ತನ್ನು ಅರ್ಕಾವತ್ತಾಗಿ ಬಳಸಿದವರನ್ನು ಸೋಮಾರಿಗಳು ಎನ್ನಲು ನನಗೆ ಮನಸ್ಸಿಲ್ಲ. ಕೈಬರಹದಲ್ಲಿ ಥ ಬರೆದ ಮೇಲೆಯೇ ಅರ್ಕಾವತ್ತು ಹಾಕುವುದು ನಮಗೆಲ್ಲ ರೂಢಿ. ಫೋನಿನ ಕೀಲಿಮಣೆಯಲ್ಲಿ ಥ ಒತ್ತಿದ ಮೇಲೆ ಅರ್ಕಾವತ್ತನ್ನು ಹುಡುಕುವವರಿಗೆ ಅಲ್ಲಿ ಕಾಣುವ ಆ ಆಕಾರದ ವಸ್ತು ಒಂಬತ್ತು ಒಂದೇ. ಅನುಸ್ವಾರಕ್ಕೆ ಕನ್ನಡದ ಸೊನ್ನೆ ಹಾಕಿದವರೂ ನಿಮ್ಮ ಪಟ್ಟಿಯಲ್ಲಿ ಇರುತ್ತಾರೆ, ನೋಡಿಕೊಳ್ಳಿ. ಸೊನ್ನೆಯ ಸಂಖ್ಯೆ 3302, ಅನುಸ್ವಾರದ್ದು 3202. ‘ಗಂಗಾಧರ’, ‘ಮಂಜುನಾಥ’, ‘ಶಂಕರ’ ಎಂಬ ಹೆಸರುಗಳಲ್ಲಿ ಹುಡುಕಿದರೆ ಬೇಗ ಸಿಕ್ಕಿಬೀಳುತ್ತವೆ.

ಇನ್ನೊಂದು ಮಾತು. ನುಡಿಯ ಮೂಲ ಕಡತವನ್ನು ಅಳಿಸಬೇಡಿ. ಪರಿವರ್ತಿತ ಪಟ್ಟಿಯಲ್ಲಿ ಸಂದೇಹ ಬಂದಾಗ ಒಪ್ಪಿಸಿ ನೋಡಲು ಅದೊಂದೇ ಆಧಾರ.

ಉತ್ತರ: ‘ಗಣಿತದ ಮೇಷ್ಟ್ರು’, ಹೊಸನಗರ

ಪೈಸೆಯ ಪ್ರಶ್ನೆಗೆ: ನಿಮಗೆ ಹೇಳಿದವರ ಮಾತಿನಲ್ಲಿ ಸತ್ಯಾಂಶ ಇದೆ, ಆದರೆ ನಿಮ್ಮ ಒಂದು ಪೈಸೆ ಹೋದದ್ದು ಆ ದಾರಿಯಲ್ಲಿ ಅಲ್ಲ.

ಮೊದಲ ಚೀಲದ ಗುಣಾಕಾರವನ್ನು ಕೈಯಲ್ಲೇ ಮಾಡಿ. 37.450 ಇಂಟು 485.99 ಎಂದರೆ 18,200.3255. ಎರಡನೆಯದು 10,837.577. ಮೂರನೆಯದು 19,998.4885. ಎಕ್ಸೆಲ್ ಹಾಳೆ ಎರಡು ದಶಾಂಶ ಸ್ಥಾನಗಳನ್ನು ಮಾತ್ರ ತೋರಿಸುವಂತೆ ನೀವು ಇಟ್ಟಿದ್ದೀರಿ. ಅದು ತೋರಿಸುವುದನ್ನು ಕಡಿಮೆ ಮಾಡಿತೇ ಹೊರತು ತಾನು ಇಟ್ಟುಕೊಂಡದ್ದನ್ನು ಕಡಿಮೆ ಮಾಡಲಿಲ್ಲ. ಒಟ್ಟು ಹಾಕುವಾಗ ಅದು ಕೂಡಿದ್ದು ಒಳಗಿನ ಪೂರ್ಣ ಸಂಖ್ಯೆಗಳನ್ನು: 49,036.391. ಅದನ್ನು ಎರಡು ಸ್ಥಾನಕ್ಕೆ ತಂದರೆ .39. ನೀವು ಕೂಡಿದ್ದು ತೋರಿಕೆಯ ಸಂಖ್ಯೆಗಳನ್ನು; ಮೂರರಲ್ಲೂ ಕಡೆಯ ಅಂಕಿ ಮೇಲಕ್ಕೆ ಏರಿದ್ದರಿಂದ ನಿಮಗೆ .40 ಬಂದಿತು. ಇಬ್ಬರ ಕೂಡಿಕೆಯೂ ಸರಿ, ಕೂಡಿದ ಸಂಖ್ಯೆಗಳು ಬೇರೆ. ರೈತರಿಗೆ ಚೀಟಿ ಕೊಡುವುದು ಸಾಲಿನ ಲೆಕ್ಕದಲ್ಲಿ, ಹಣ ಕೊಡುವುದೂ ಸಾಲಿನ ಲೆಕ್ಕದಲ್ಲಿ ಎಂದಾದರೆ ಪೈಸೆಗೆ ಸರಿಗಟ್ಟುವುದು ಪ್ರತಿ ಸಾಲಿನಲ್ಲೂ ಆಗಬೇಕು. ಗುಣಾಕಾರದ ಸೂತ್ರವನ್ನೇ ‘ರೌಂಡ್’ ಫಂಕ್ಷನ್‌ನ ಒಳಗೆ ಇಟ್ಟು ಎರಡು ಸ್ಥಾನ ಎಂದು ಹೇಳಿ. ಆಗ ತೋರಿಕೆಯೂ ಒಳಗಿನದೂ ಒಂದೇ ಆಗುತ್ತದೆ, ಪರಿಶೋಧಕರಿಗೂ ಹೇಳಲು ಏನೂ ಉಳಿಯುವುದಿಲ್ಲ.

ಇನ್ನು ಆ ಸತ್ಯಾಂಶದ ವಿಷಯ. ಇದು ನನಗೆ ಪ್ರಿಯವಾದ ವಿಷಯವಾದ್ದರಿಂದ ತುಸು ಬೆಳೆಸುತ್ತೇನೆ, ಕ್ಷಮಿಸಿ. ಕಂಪ್ಯೂಟರ್ ಸಂಖ್ಯೆಗಳನ್ನು ಇಡುವುದು ಎರಡರ ಆಧಾರದಲ್ಲಿ. ನಾವು ದಶಾಂಶ ಬಿಂದುವಿನ ಬಲಕ್ಕೆ ಹತ್ತನೇ ಒಂದು, ನೂರನೇ ಒಂದು ಎಂದು ಎಣಿಸಿದರೆ ಅದು ಅರ್ಧ, ಕಾಲು, ಅರೆಕಾಲು, ಹದಿನಾರನೇ ಒಂದು ಎಂದು ಎಣಿಸುತ್ತ ಹೋಗುತ್ತದೆ. ನಮ್ಮಲ್ಲಿ ಮೂರನೇ ಒಂದನ್ನು ಬರೆಯಹೊರಟರೆ 0.333 ಎಂದು ಮುಗಿಯದ ಸಾಲಾಗುವ ಹಾಗೆ ಅದಕ್ಕೆ ಹತ್ತನೇ ಒಂದು, ಎಂದರೆ ನಮ್ಮ ಹತ್ತು ಪೈಸೆ, ಮುಗಿಯದ ಸಾಲು. ಸಾಲು ಮುಗಿಯದಿದ್ದರೂ ಜಾಗ ಮುಗಿಯುತ್ತದೆ. 1985ರ ಐಇಇಇ 754 ಎಂಬ ಮಾನಕದಂತೆ ಇಂದಿನ ಬಹುತೇಕ ಯಂತ್ರಗಳು ಇಂಥ ಸಂಖ್ಯೆಗೆ 64 ಬಿಟ್ ಕೊಡುತ್ತವೆ: ಚಿಹ್ನೆಗೆ 1, ಘಾತಕ್ಕೆ 11, ಉಳಿದ 52 ಸಂಖ್ಯೆಯ ಭಿನ್ನಾಂಶಕ್ಕೆ. ಅಷ್ಟರೊಳಗೆ ಹಿಡಿಯದ್ದನ್ನು ಹತ್ತಿರದ ಬೆಲೆಗೆ ಸರಿಗಟ್ಟುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುವುದು ಈ ಕಾರಣಕ್ಕೆ. ಒಂದು ರೂಪಾಯಿಯೊಳಗಿನ ನೂರು ಬೆಲೆಗಳಲ್ಲಿ ಕಂಪ್ಯೂಟರಿಗೆ ಕರಾರುವಾಕ್ಕಾಗಿ ಬರೆದಿಡಲು ಬರುವುದು ನಾಲ್ಕೇ ನಾಲ್ಕು: ಸೊನ್ನೆ, 25, 50 ಮತ್ತು 75 ಪೈಸೆ.

ಇಲ್ಲಿ ಒಂದು ತಮಾಷೆ ಇದೆ. 1957ರ ಏಪ್ರಿಲ್ 1ಕ್ಕೆ ಮೊದಲು ನಮ್ಮ ರೂಪಾಯಿಗೆ ಹದಿನಾರು ಆಣೆ. ಹದಿನಾರು ಎಂದರೆ ಎರಡನ್ನು ನಾಲ್ಕು ಸಲ ಗುಣಿಸಿದ್ದು. ಹಾಗಾಗಿ ಒಂದಾಣೆಯಿಂದ ಹದಿನೈದು ಆಣೆಯವರೆಗೆ ಎಲ್ಲವೂ, ಕಾಲಾಣೆ ಕೂಡ, ಕಂಪ್ಯೂಟರಿನಲ್ಲಿ ಚೂರೂ ಉಳಿಯದಂತೆ ಕೂರುತ್ತವೆ. ಆಣೆಗೆ ಹನ್ನೆರಡು ಎಂದಿದ್ದ ಪೈಗೆ ಮಾತ್ರ ಆ ಭಾಗ್ಯವಿಲ್ಲ, ಏಕೆಂದರೆ ಹನ್ನೆರಡರೊಳಗೆ ಮೂರು ಇದೆ. ನಮ್ಮ ಅಜ್ಜಂದಿರ ಆಣೆಯ ಲೆಕ್ಕ ಯಂತ್ರಕ್ಕೆ ಸಲೀಸು, ನಾವು ಸುಲಭವೆಂದು ತಂದ ನೂರು ಪೈಸೆ ಅದಕ್ಕೆ ತೊಡಕು.

ಈ ದೋಷ ಎಷ್ಟು ದೊಡ್ಡದು? ಹದಿನೈದು ಅಂಕಿಗಳವರೆಗೆ ಸಂಖ್ಯೆ ನಂಬಿಕೆಗೆ ಅರ್ಹ. ಕೋಟಿಗಟ್ಟಲೆ ರೂಪಾಯಿಯ ಮೊತ್ತದಲ್ಲಿಯೂ ಅದು ಪೈಸೆಯ ಸಾವಿರದ ಒಂದು ಭಾಗವನ್ನು ಮುಟ್ಟುವುದಿಲ್ಲ. ಆದ್ದರಿಂದಲೇ ನಿಮ್ಮ ಪೈಸೆಗೆ ಇದು ಕಾರಣವಲ್ಲ ಎಂದದ್ದು. ಆದರೆ ‘ಬಾಕಿ ಸೊನ್ನೆಯೇ?’ ಎಂದು ತಂತ್ರಾಂಶ ಕೇಳುವ ಕಡೆ ಇದು ಕಾಡಬಹುದು; ಸೊನ್ನೆಯಂತೆ ತೋರುವ ಬಾಕಿ ಒಳಗೆ ಸೊನ್ನೆಯಾಗಿರದೆ, ತೀರಿದ ಸಾಲವನ್ನು ತೀರಿಲ್ಲ ಎನ್ನಬಹುದು. ಬಲ್ಲವರು ಲೆಕ್ಕದ ತಂತ್ರಾಂಶ ಬರೆಯುವಾಗ ಹಣವನ್ನು ರೂಪಾಯಿಯಲ್ಲಿ ಇಡದೆ ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡುತ್ತಾರೆ. ಪೂರ್ಣಾಂಕಗಳು ಎರಡರ ಆಧಾರದಲ್ಲಿಯೂ ಪೂರ್ಣವೇ. ಮೇಲೆ ಹೇಳಿದ 64 ಬಿಟ್‌ನ ರೂಪದಲ್ಲಿಯೇ 9,00,71,99,25,47,40,992ರವರೆಗೆ ಒಂದೂ ತಪ್ಪದೆ ಎಣಿಸಬಹುದು. ಅಷ್ಟು ಪೈಸೆ ಎಂದರೆ ತೊಂಬತ್ತು ಲಕ್ಷ ಕೋಟಿ ರೂಪಾಯಿ. ಅಡಿಕೆಗೆ ಎಂಥ ಧಾರಣೆ ಬಂದರೂ ನಿಮ್ಮ ಸಂಘಕ್ಕೆ ಸಾಲುತ್ತದೆ.

ಕೇಳಿದವರ ಮರುನುಡಿ: ‘ಅಡಿಕೆ ಲೆಕ್ಕ’

ಎಲ್ಲರಿಗೂ ಕೃತಜ್ಞತೆಗಳು. ‘ಲೆನ್’ ಹಾಕಿದ ಕೂಡಲೇ ವಿಷಯ ಬಯಲಾಯಿತು. ಒಂದೇ ಕಾಲಮ್ಮಿನ ಒಂದೇ ಊರಿನ ಪಕ್ಕದಲ್ಲಿ 9, 10, 11 ಎಂದು ಬೇರೆ ಬೇರೆ ಸಂಖ್ಯೆಗಳು ಬಂದವು. ಹತ್ತು ಇದ್ದ ಹಲವೆಡೆ ಹುಡುಕಾಟ ಸರಿಯಾಗಿತ್ತು. ಹನ್ನೊಂದು ಇದ್ದವುಗಳಲ್ಲಿ ಎರಡು ಬಗೆ. ನುಡಿಯಿಂದ ಬಂದವುಗಳಲ್ಲಿ ಮೇಲಿನವರು ಹೇಳಿದಂತೆ ಈಕಾರ ಒಡೆದಿತ್ತು, ಮೊಬೈಲಿನಿಂದ ಬಂದವುಗಳಲ್ಲಿ ಕೊನೆಗೆ 32, ಅಂದರೆ ಒಂದು ಖಾಲಿ ಜಾಗ. ಫೋನು ಪದವನ್ನು ತಾನೇ ಸೂಚಿಸಿ ಪೂರ್ತಿ ಮಾಡಿದಾಗ ಮುಂದೆ ಜಾಗವನ್ನೂ ಬಿಡುತ್ತದೆ ಎಂದು ಆಗ ಹೊಳೆಯಿತು. ಒಂಬತ್ತಿನ ಅರ್ಕಾವತ್ತು ಬಹುತೇಕ ಒಬ್ಬರೇ ಟೈಪು ಮಾಡಿದ ಪುಟಗಳಲ್ಲಿದೆ. ಸೊನ್ನೆಯ ಅನುಸ್ವಾರವೂ ಸಿಕ್ಕಿತು, ‘ಮಂಜುನಾಥ’ರಲ್ಲಿಯೇ.

ಸಾಲಿಗೆ ‘ರೌಂಡ್’ ಹಾಕಿದ ಮೇಲೆ ಒಟ್ಟು 49,036.40 ಬರುತ್ತಿದೆ. ಇನ್ನು ಹೊಸನಗರ, ಹೊಳೆಹೊನ್ನೂರಿನದೊಂದು ಉಳಿಯಿತು. ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ: ಮಹಾಸಭೆಯ ಸೂಚನೆಯನ್ನು ಎಸ್ಎಂಎಸ್ ಮೂಲಕ ಕನ್ನಡದಲ್ಲಿ ಕಳುಹಿಸಿದರೆ ಒಂದು ಸಂದೇಶಕ್ಕೆ ಎರಡು ಮೂರರ ದುಡ್ಡು ಹಿಡಿಯುತ್ತಾರೆ. ಇದಕ್ಕೂ ಈ ಸಂಖ್ಯೆಗಳಿಗೂ ಸಂಬಂಧವಿದೆಯೇ?

ಉತ್ತರ: ‘ಸಂಕೇತಸಂಖ್ಯೆ’, ಶಿವಮೊಗ್ಗ

ಇದೆ. ಒಂದು ಎಸ್ಎಂಎಸ್‌ಗೆ ಇರುವ ಜಾಗ 140 ಬೈಟ್. ಇಂಗ್ಲಿಷ್ ಅಕ್ಷರಗಳನ್ನು ಏಳೇಳು ಬಿಟ್‌ನಲ್ಲಿ ಒತ್ತಿ ತುಂಬುವುದರಿಂದ ಅಷ್ಟರಲ್ಲಿ 160 ಹಿಡಿಯುತ್ತವೆ. ಕನ್ನಡ ಬಂದ ಕೂಡಲೇ ಇಡೀ ಸಂದೇಶ ಹದಿನಾರು ಬಿಟ್‌ನ ಕ್ರಮಕ್ಕೆ ಹೋಗುತ್ತದೆ, ಆಗ ಹಿಡಿಯುವುದು 70 ಸಂಕೇತಗಳು. ಎಪ್ಪತ್ತು ಅಕ್ಷರ ಎಂದುಕೊಳ್ಳಬೇಡಿ, ‘ತೀರ್ಥಹಳ್ಳಿ’ ಒಂದೇ ಹತ್ತನ್ನು ತಿನ್ನುತ್ತದೆ. ಅಂತರಜಾಲದ ಪುಟಗಳಲ್ಲಿ ಬಳಸುವ ಯುಟಿಎಫ್-8 ಎಂಬ ಕ್ರಮದಲ್ಲಿ, ಇದನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ನಿಮ್ಮ ಊರಿಗೆ ಅಲ್ಲಿ 30 ಬೈಟ್ ಬೇಕು.

ಇನ್ನು ಅಕಾರಾದಿ. ತಂತ್ರಾಂಶಕ್ಕೆ ಭಾಷೆಯ ನಿಯಮವನ್ನು ಹೇಳಿಕೊಡದಿದ್ದರೆ ಅದು ಸಂಖ್ಯೆ ಚಿಕ್ಕದಿದ್ದದ್ದನ್ನು ಮೊದಲು ಇಡುತ್ತದೆ. ‘ಹೊಸನಗರ’, ‘ಹೊಳೆಹೊನ್ನೂರು’ ಎರಡರಲ್ಲೂ ಮೊದಲ ಎರಡು ಸಂಖ್ಯೆಗಳು 3257, 3274. ಮೂರನೆಯದರಲ್ಲಿ ಸಕಾರ 3256, ಳಕಾರ 3251. ಅಲ್ಲಿಗೆ ತೀರ್ಮಾನವಾಯಿತು, ಹೊಳೆಹೊನ್ನೂರು ಮುಂದೆ. ಶಾಲೆಯಲ್ಲಿ ‘ಶ ಷ ಸ ಹ ಳ’ ಎಂದು ಕಲಿತ ನಮಗೆ ಳಕಾರ ಕೊನೆಯದು. ಕೋಷ್ಟಕದಲ್ಲಿ ಅದು ಲಕಾರದ ಮಗ್ಗುಲಿಗೇ, ವಕಾರಕ್ಕಿಂತ ಮೊದಲೇ ಕೂತಿದೆ. ಇದಕ್ಕೆ ಕಾರಣ ಇಸ್ಕಿ ಎಂಬ ಭಾರತೀಯ ಸಂಕೇತ ಕ್ರಮ. ಒಂದು ಲಿಪಿಯಿಂದ ಇನ್ನೊಂದಕ್ಕೆ ಸುಲಭವಾಗಿ ಹಾಯಲು ಬರುವಂತೆ ಎಲ್ಲ ಭಾರತೀಯ ಲಿಪಿಗಳನ್ನೂ ಅದರಲ್ಲಿ ಒಂದೇ ಚೌಕಟ್ಟಿಗೆ ಹೊಂದಿಸಿದ್ದರು. ಯೂನಿಕೋಡ್ ಅದೇ ಜೋಡಣೆಯನ್ನು ತೆಗೆದುಕೊಂಡಿತು. ದೇವನಾಗರಿಯ ಕಕಾರ 2325, ಕನ್ನಡದ್ದು 3221. ತಕಾರ 2340, ಕನ್ನಡದ್ದು 3236. ಎಲ್ಲಿ ನೋಡಿದರೂ ಅಂತರ 896. ಅನುಕೂಲ ದೊಡ್ಡದೇ, ಆದರೆ ನಮ್ಮ ವರ್ಣಮಾಲೆಯ ಕ್ರಮ ಅದಕ್ಕೆ ಬಲಿಯಾಯಿತು. ಈ ಸಂಖ್ಯೆಗಳನ್ನು ಇನ್ನು ಬದಲಿಸುವಂತಿಲ್ಲ. ಬದಲಿಸಿದರೆ ಈವರೆಗೆ ಟೈಪು ಮಾಡಿದ ಕನ್ನಡವೆಲ್ಲ ಕೆಡುತ್ತದೆ.

ಆದ್ದರಿಂದ ಜೋಡಣೆಯ ನಿಯಮವನ್ನು ಬೇರೆಯೇ ಕೋಷ್ಟಕದಲ್ಲಿ ಇಡುತ್ತಾರೆ. ನಿಮ್ಮ ತಂತ್ರಾಂಶದಲ್ಲಿ ಜೋಡಣೆಯ ಭಾಷೆಯನ್ನು ಕನ್ನಡ ಎಂದು ಆರಿಸುವ ಅವಕಾಶ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ, ಹುಡುಕಾಟಕ್ಕೆಂದು ಮಾಡಿದ ಕಾಲಮ್ಮಿನ ಪಕ್ಕದಲ್ಲಿ ಜೋಡಣೆಗೆಂದು ಇನ್ನೊಂದನ್ನು ಮಾಡಿ, ಅದರಲ್ಲಿ ಳಕಾರ ಬಂದಲ್ಲೆಲ್ಲ ಅವಗ್ರಹ ಚಿಹ್ನೆಯನ್ನು, ಎಂದರೆ ‘ಽ’ ಎಂಬುದನ್ನು, ಹಾಕಿ. ಅದರ ಸಂಖ್ಯೆ 3261. ಹಕಾರದ 3257ಕ್ಕಿಂತ ದೊಡ್ಡದು, ದೀರ್ಘ ಆಕಾರದ ಚಿಹ್ನೆಯ 3262ಕ್ಕಿಂತ ಚಿಕ್ಕದು, ಸದಸ್ಯರ ಹೆಸರಿನಲ್ಲಿ ಬರುವ ಸಂಭವವೂ ಇಲ್ಲ. ಈ ಕಾಲಮ್ಮನ್ನು ಮರೆಮಾಡಿ, ಅದರ ಪ್ರಕಾರ ಜೋಡಿಸಿ. ಸರಿಯಾಯಿತೇ ಎಂದು ನೋಡಲು ಹೊಸನಗರ ಮತ್ತು ಹೊಳೆಹೊನ್ನೂರಿನ ಜೊತೆಗೆ ಕವಲೇದುರ್ಗವನ್ನೂ ಕಳಸವನ್ನೂ ಸೇರಿಸಿ. ಕವಲೇದುರ್ಗ ಮೊದಲು ಬರಬೇಕು.